ನಿಲ್ಲಿಸುವ ಸ್ವಿಚ್ಚು

ಎದುರು ಮನೆ ಮೇಷ್ಟ್ರ ಬಲಗೈ ತೋರುಬೆರಳಿಗೆ ಮೇಲಿನ ಗೆಣ್ಣು ಇರಲಿಲ್ಲ. ಉಳಿದ ಮೊಂಡು ತುದಿ ಪುಟಾಣಿ ಕಾಳಿನ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಮೊಬೈಲನ್ನು ಅವರು ನಡುಬೆರಳಿನಿಂದ ಒತ್ತುವರು. ಒತ್ತುವಾಗ ಆ ಮೊಂಡು ಬೆರಳೂ ಪಕ್ಕದಲ್ಲಿ, ಗಾಳಿಯಲ್ಲೇ, ತಾನೂ ಒತ್ತಿದಂತೆ ಬಾಗುವುದು. ಮಕ್ಕಳು ಬೆರಳು ಎಲ್ಲಿ ಹೋಯಿತು ಎಂದು ಕೇಳಿದರೆ, "ಪೀಣ್ಯದಲ್ಲಿ ಪ್ರೆಸ್ ಮಷೀನಿಗೆ ನೈವೇದ್ಯ ಮಾಡಿದೆ" ಎನ್ನುವರು. ನೈವೇದ್ಯದ ಮಾತು ಹಾಗೆಲ್ಲ ಆಡಬಾರದು ಎಂದು ನಾನು ಹೇಳಿದರೆ, "ಮಷೀನು ನಿಮ್ಮ ದೇವರಿಗಿಂತ ಖಡಕ್ ಕಣಮ್ಮ, ಕೊಟ್ಟಿದ್ದನ್ನ ಪ್ರಸಾದ ಅಂತ ವಾಪಸ್ ಕೊಡಲ್ಲ" ಎಂದು ನಕ್ಕುಬಿಡುವರು.

ನಾವಿದ್ದದ್ದು ಸರ್ಜಾಪುರ ರಸ್ತೆಯಿಂದ ಸ್ವಲ್ಪ ಒಳಗೆ, ನಾಲ್ಕು ಅಂತಸ್ತಿನ ಒಂದು ಕಟ್ಟಡದಲ್ಲಿ. ಎರಡು ಬ್ಲಾಕು, ನಲವತ್ತೆಂಟು ಮನೆ. ನಮ್ಮದು ಬಿ-204. ನಮ್ಮ ಯಜಮಾನರು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದರು. ಉಳಿದ ಮನೆಗಳಲ್ಲಿ ಹೆಚ್ಚಿನವರು ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆಯ ಕಂಪನಿಗಳಿಗೆ ಹೋಗುವ ಗಂಡ ಹೆಂಡಿರು. ಬೆಳಿಗ್ಗೆ ಒಂಬತ್ತೂವರೆಗೆ ಕಟ್ಟಡ ಖಾಲಿಯಾದರೆ ಸಂಜೆವರೆಗೆ ಉಳಿಯುವವರು ನಾನು, ನೆಲಮಹಡಿಯ ಒಬ್ಬಾಕೆ, ಮತ್ತು ಮೇಷ್ಟ್ರು.

ಶಾಲೆಯ ಮೇಷ್ಟ್ರಲ್ಲ ಅವರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಹೊಸದಾಗಿ ಸೇರಿದ ಹುಡುಗರಿಗೆ ಲೇತು, ಡ್ರಿಲ್ಲು, ಪ್ರೆಸ್ಸು ಕಲಿಸುತ್ತಿದ್ದವರು. ಹೆಂಡತಿ ತೀರಿಕೊಂಡು ಆರೇಳು ವರ್ಷವಾಗಿತ್ತು. ದಿನಾ ಉಪ್ಪಿಟ್ಟು. ಸೋಮವಾರ ಈರುಳ್ಳಿ ಹಾಕಿದ್ದು, ಮಂಗಳವಾರ ಟೊಮೆಟೊ ಹಾಕಿದ್ದು, ಬುಧವಾರ ಎರಡೂ ಹಾಕಿದ್ದು. ನಾನು ರೊಟ್ಟಿ, ಎಣಗಾಯಿ ಕೊಟ್ಟರೆ ತಟ್ಟೆ ತೊಳೆದು, ಒರೆಸಿ, ಬೋರಲು ಹಾಕಿ ತಂದಿಡುವರು. ದೇವಸ್ಥಾನದ ಕಡೆ ತಲೆ ಹಾಕಿದವರಲ್ಲ. ನಾನು ಹೊರಟಾಗ ಬಾಗಿಲಲ್ಲಿ ಕಂಡರೆ, "ನನ್ನದೂ ಒಂದು ನಮಸ್ಕಾರ ತಲುಪಿಸಮ್ಮ" ಎನ್ನುವುದಷ್ಟೇ ಅವರ ಭಕ್ತಿ.

ಅವರಿಗೆ ತಡೆಯಲಾಗದ್ದು ಒಂದೇ, ಹೇಳಿದ ಕೆಲಸ ಎಲ್ಲೋ ಕಳೆದುಹೋಗುವುದು. ನಮ್ಮ ಕಟ್ಟಡದ ವಾಟ್ಸಪ್ ಗುಂಪಿನಲ್ಲಿ ಆಗುತ್ತಿದ್ದದ್ದು ಅದೇ. ಯಾರೋ ನಲ್ಲಿ ಸೋರುತ್ತಿದೆ ಎಂದು ಹಾಕಿದರೆ, ಅದರ ಮೇಲೆ ಹತ್ತು ಶುಭೋದಯ, ಗುಲಾಬಿ ಹೂವು, ಯಾರದೋ ಮಗುವಿನ ಹುಟ್ಟುಹಬ್ಬ. ಸಂಜೆಗೆ ನಲ್ಲಿ ಸೋರುತ್ತಲೇ ಇರುವುದು, ದೂರು ಹೂವಿನಡಿ ಹುದುಗಿರುವುದು. ಕೊನೆಗೆ ತಾರಸಿಯ ಮೇಲೆ ಸಭೆ ಸೇರಿದಾಗ ಕಂಪನಿಯ ಹುಡುಗರು ಒಂದು ದಾರಿ ಹೇಳಿದರು. ತಮ್ಮ ಆಫೀಸಿನಲ್ಲಿರುವಂಥದ್ದೇ ಒಂದು ಬೋರ್ಡಿನ ಆ್ಯಪು. ದೂರಿಗೊಂದು ಚೀಟಿ, ಚೀಟಿ ಇಡಲು ಮೂರು ಸಾಲು: ಬಂದದ್ದು, ನಡೆಯುತ್ತಿರುವುದು, ಆದದ್ದು. ಜೊತೆಗೆ ಮಾತಿಗೆ ಬೇರೆ ಒಂದು ಚಾಟ್ ಆ್ಯಪು. ಹೂವು, ಹುಟ್ಟುಹಬ್ಬ ಹಳೇ ಗುಂಪಿನಲ್ಲೇ ಇರಲಿ ಎಂದಾಯಿತು.

ಒಂದು ತಿಂಗಳಲ್ಲಿ ತೊಂದರೆ ಎರಡರಷ್ಟಾಯಿತು. ಕೆಲವರು ಬೋರ್ಡನ್ನೇ ನೋಡರು, ಕೆಲವರು ಚಾಟನ್ನೇ ತೆರೆಯರು. ಎರಡನ್ನೂ ಒಂದಕ್ಕೊಂದು ಜೋಡಿಸಿ ಎಂದು ಮೇಷ್ಟ್ರು ಹುಡುಗರನ್ನು ಕೇಳಿದರು. ಅದಕ್ಕೆ ಕೋಡ್ ಬರೀಬೇಕು ಅಂಕಲ್, ವೀಕೆಂಡ್ ನೋಡೋಣ ಎಂದರು. ಎಷ್ಟು ವೀಕೆಂಡ್ ಹೋದವೋ ಶಿವನೇ ಬಲ್ಲ. ಆಮೇಲೆ ಮೇಷ್ಟ್ರೇ ಕನ್ನಡಕ ಏರಿಸಿ, ಇಂಗ್ಲಿಷಿನ ವಿಡಿಯೊ ನೋಡಿ ನೋಡಿ, ನಿಲ್ಲಿಸಿ ನಿಲ್ಲಿಸಿ, ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಂಡು, ಹದಿನೈದು ದಿನದಲ್ಲಿ ಜೋಡಿಸಿಬಿಟ್ಟರು. ಕೋಡಿನ ಅಗತ್ಯವೇ ಇಲ್ಲದ ಒಂದು ಸಾಧನ ಸಿಕ್ಕಿತ್ತು ಅವರಿಗೆ. "ಡಬ್ಬಿ ಡಬ್ಬಿ ಇಟ್ಟು ಗೆರೆ ಎಳೆಯೋದು ಕಣಮ್ಮ. ಈ ಡಬ್ಬೀಲಿ ಹಿಂಗಾದ್ರೆ ಆ ಡಬ್ಬೀಲಿ ಹಂಗಾಗು. ನಿಮ್ಮ ಗುಡೀಲಿ ಹಗ್ಗ ಎಳೆದ್ರೆ ಮೇಲೆ ಗಂಟೆ ಹೊಡಿಯಲ್ವಾ, ಅಷ್ಟೇ."

ಅಷ್ಟೇ ಆಗಿದ್ದರೆ ಈ ಬರಹಕ್ಕೆ ಕಾರಣವಿರಲಿಲ್ಲ. ಹಗ್ಗ ಎಳೆಯಲು ಒಬ್ಬರು ಬೇಕಿತ್ತು. ಪ್ಲಂಬರ್, ಎಲೆಕ್ಟ್ರಿಷಿಯನ್ ಕೈಯಲ್ಲಿ ಬಟನ್ ಫೋನು. ಕೆಲಸ ಮುಗಿಸಿ ಅವರು ಬಂದು ಹೇಳಿದ ಮೇಲೆ ಚೀಟಿಯನ್ನು "ಆದದ್ದು" ಸಾಲಿಗೆ ಸರಿಸಬೇಕು. ಹಗಲು ಮನೆಯಲ್ಲಿರುವವರು ಯಾರು ಎಂದು ಸಭೆಯಲ್ಲಿ ಕೇಳಿದಾಗ ನಲವತ್ತು ತಲೆ ನನ್ನ ಕಡೆ ತಿರುಗಿದವು. ಮನೆಯಲ್ಲಿರುವವಳು ಎಂದರೆ ಕೆಲಸವಿಲ್ಲದವಳು ಎಂದೇ ಅಲ್ಲವೇ ಎಲ್ಲರ ಎಣಿಕೆ. ನಾನು ಒಲ್ಲೆ ಎಂದೆ. ಮೇಷ್ಟ್ರು, "ನೀನೇ ಸರಿ. ಸುಳ್ಳು ಹೇಳಲ್ಲ ನೀನು" ಎಂದರು. ಆ ಹೊಗಳಿಕೆಗೆ ಸೋತೆ. ಆಮೇಲೆ ಅದನ್ನು ಎಷ್ಟು ಸಲ ಶಪಿಸಿದ್ದೇನೋ ಲೆಕ್ಕವಿಲ್ಲ.

ಕಲಿಸಿದ್ದು ಲೇತು ಕಲಿಸಿದ ಹಾಗೆಯೇ. ಮೊದಲ ದಿನ ಫೋನು ನನ್ನ ಕೈಗೆ ಕೊಟ್ಟು, "ಇದನ್ನ ಆರಿಸೋದು ಹೆಂಗೆ ತೋರಿಸು" ಎಂದರು. ಹಚ್ಚುವುದು ಕಲಿಸದೆ ಆರಿಸುವುದೇಕೆ ಎಂದೆ. "ನನ್ನ ಹತ್ರ ಬಂದ ಹುಡುಗರಿಗೆಲ್ಲ ಮೊದಲ ಪಾಠ ಇದೇ. ಮಷೀನ್ ಮುಂದೆ ನಿಂತ ತಕ್ಷಣ ನಿಲ್ಲಿಸೋ ಸ್ವಿಚ್ಚು ಎಲ್ಲಿದೆ ನೋಡ್ಕೋ. ಓಡಿಸೋದು ನಾಳೆ ಕಲಿಯೋವಂತೆ" ಎಂದು ಮೊಂಡು ಬೆರಳು ಎತ್ತಿ ತೋರಿಸಿದರು. "ಆ ಸ್ವಿಚ್ಚನ್ನ ನಾನು ಮೊದಲ ದಿನ ನೋಡ್ಕೊಂಡಿರಲಿಲ್ಲ."

ನನಗೆ ಆ ಆ್ಯಪುಗಳ ಮೇಲೆ ಬಂದ ಸಿಟ್ಟು ಅತ್ತೆಯವರ ಮೇಲೂ ಬಂದಿರಲಿಲ್ಲ. ಇವತ್ತು ತೆರೆದದ್ದು ನಾಳೆ ಪಾಸ್‌ವರ್ಡ್ ಕೇಳುವುದು. ಪಾಸ್‌ವರ್ಡ್ ಕೊಟ್ಟರೆ ತಪ್ಪು ಎನ್ನುವುದು. ಓಟಿಪಿ ಬರುವುದು ಯಜಮಾನರ ಫೋನಿಗೆ, ಅವರಿರುವುದು ಸ್ಟೋರಿನಲ್ಲಿ, ಅಲ್ಲಿ ಫೋನು ಲಾಕರಿನಲ್ಲಿ. ಚೀಟಿಯನ್ನು ಬೆರಳಿಂದ ಎಳೆದರೆ ಅರ್ಧ ದಾರಿಯಲ್ಲಿ ಕೈಬಿಟ್ಟು ಮತ್ತೆ ಹಳೇ ಜಾಗದಲ್ಲಿ ಕೂರುವುದು, ತವರಿಗೆ ಹೊರಟ ಸೊಸೆಯನ್ನು ಗೇಟಿನಿಂದ ವಾಪಸ್ ಕರೆದ ಹಾಗೆ. ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಟುಂಗ್. ವಿಭೂತಿ ಹಚ್ಚಿದರೆ ಟುಂಗ್. ಕಣ್ಣು ಮುಚ್ಚಿದರೆ ಅಂಗೈಯ ಲಿಂಗದ ಬದಲು ಎ-102ರ ಕಮೋಡು ಕಣ್ಣ ಮುಂದೆ ಬರುತ್ತಿತ್ತು. ಶಬ್ದ ಬರದ ಹಾಗೆ ಇಡಲು ಕಲಿತೆ. ಅಷ್ಟು ಬುದ್ಧಿಯನ್ನಾದರೂ ಕೊಟ್ಟನಲ್ಲ, ಶಿವ ದೊಡ್ಡವನು. ಒಂದು ಸಲ ಫೋನು ಅಕ್ಕಿ ತೊಳೆದ ನೀರಿಗೆ ಬಿತ್ತು, ಕೆಡಲಿಲ್ಲ. ಅದು ದಯೆಯೋ ಶಿಕ್ಷೆಯೋ ಇನ್ನೂ ಗೊತ್ತಾಗಿಲ್ಲ. ಯಜಮಾನರು ಸಂಜೆ ಬಂದವರು ಚಪ್ಪಲಿ ಬಿಡುತ್ತಾ, "ಏನಮ್ಮಾ ಮ್ಯಾನೇಜರ್, ಇವತ್ತು ಎಷ್ಟು ಫೈಲು?" ಎಂದು ಕೆಣಕುವರು. ಅವರಿಗೆ ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿ ಸೇಡು ತೀರಿಸಿಕೊಳ್ಳುತ್ತಿದ್ದೆ.

ಇನ್ನೊಂದು ಕಾಟವೆಂದರೆ, ನಾನು ಚೀಟಿ ಸರಿಸಿದ ಕೂಡಲೇ ಚಾಟಿನಲ್ಲಿ ನನ್ನ ಹೆಸರಿನಲ್ಲೇ ಮಾತು ಹೋಗುತ್ತಿತ್ತು. "ಬಿ-204: ಎ-102ರ ಕೆಲಸ ಆಗಿದೆ." ನಾನು ಬರೆದದ್ದಲ್ಲ, ಮೇಷ್ಟ್ರ ಡಬ್ಬಿ ನನ್ನ ಬಾಯಿಂದ ಆಡಿಸಿದ್ದು. ಯಾರು ಸರಿಸಿದರೋ ಅವರ ಹೆಸರಿರಲಿ, ಹೊಣೆ ಇರುತ್ತದೆ ಎಂದು ಅವರೇ ಹಾಗೆ ಮಾಡಿದ್ದರು. ಜೊತೆಗೆ ಸಂಜೆ ಆರಕ್ಕೆ ಒಂದು ಪಟ್ಟಿ. ಸರಿಸದೆ ಉಳಿದ ಚೀಟಿಗಳೆಲ್ಲ, ಕೆಲಸಗಾರನ ಹೆಸರಿನ ಸಮೇತ, ಆಗಿಲ್ಲ ಎಂದು ಚಾಟಿಗೆ ತಾನಾಗಿ ಹೋಗುವುದು. ಐದಕ್ಕಿಂತ ಹೆಚ್ಚಿದ್ದರೆ ಕೆಲಸಗಾರರನ್ನು ಕಳಿಸುವ ಏಜೆನ್ಸಿಗೂ ನೇರ ಒಂದು ಮೇಲ್. ಈ ಕೊನೆಯದು ಹುಡುಗರು ಹಟ ಹಿಡಿದು ಹಾಕಿಸಿದ್ದು. ಆದರೆ ಜೋಡಿಸಿದ ಮೇಲೆ ಮೇಷ್ಟ್ರಿಗೂ ಅದರ ಮೇಲೆ ಹೆಮ್ಮೆ. "ಮಷೀನ್ ಸರಿಯಾಗಿ ಓಡ್ತಿದ್ರೆ ಪಕ್ಕದಲ್ಲಿ ನಿಂತು ಕಾಯೋದೇಕೆ" ಎನ್ನುತ್ತಿದ್ದರು.

ನಮ್ಮ ಪ್ಲಂಬರ್ ಯಾದಗಿರಿ ಕಡೆಯವನು. ಮೂವತ್ತು ದಾಟಿರಲಿಲ್ಲ. ಪಂಪ್ ರೂಮಿನ ಪಕ್ಕದ ಒಂದು ಕೋಣೆಯಲ್ಲಿ ಹೆಂಡತಿ, ಮಗಳ ಜೊತೆ ಇದ್ದ. ಕೋಣೆ ಕೆಲಸಕ್ಕೆ ಕೊಟ್ಟದ್ದು. ಕೆಲಸ ಹೋದರೆ ಕೋಣೆಯೂ ಹೋಯಿತು. ಮಗಳನ್ನು ಆ ಜೂನ್‌ನಲ್ಲಷ್ಟೇ ಹತ್ತಿರದ ಸರ್ಕಾರಿ ಶಾಲೆಗೆ ಒಂದನೇ ಕ್ಲಾಸಿಗೆ ಸೇರಿಸಿದ್ದ. ಅದಕ್ಕೂ ಹಿಂದೆ ಆ ಮಗು ಎರಡು ಊರು, ಮೂರು ಸೈಟು ಕಂಡಿತ್ತಂತೆ. ಕೆಲಸ ಮುಗಿಸಿದವನು ನಮ್ಮ ಬಾಗಿಲಿಗೆ ಬಂದು, ಹೊಸ್ತಿಲಿನಿಂದ ಎರಡು ಹೆಜ್ಜೆ ಹಿಂದೆ ನಿಂತು, "ಅಕ್ಕೋರೆ, ಆಗ್ಯದ್ರಿ" ಎನ್ನುವನು. ನಾನು ಅವನ ಎದುರಿಗೇ ಒತ್ತಬೇಕು. ಒತ್ತಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಮೆಟ್ಟಿಲಿಳಿಯುವನು. ಓದು ಬಾರದಿದ್ದರೂ ಆರು ಗಂಟೆಯ ಪಟ್ಟಿ ಏನೆಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಶ್ರಾವಣ ಬಂತು. ಶ್ರಾವಣ ಸೋಮವಾರಗಳಂದು ಬೆಳಿಗ್ಗೆಯಿಂದ ದೀಪ ಹಚ್ಚುವವರೆಗೆ ನನಗೆ ಮೌನ. ದಾವಣಗೆರೆ ಹತ್ತಿರದ ನನ್ನ ತವರಿನಲ್ಲಿ ಅವ್ವ ಹಿಡಿದದ್ದು, ಅವ್ವನಿಂದ ನಾನು ಹಿಡಿದದ್ದು. ಹೆರಿಗೆಯಾದ ವರ್ಷ ಬಿಟ್ಟರೆ ಒಂದು ಸೋಮವಾರವೂ ತಪ್ಪಿರಲಿಲ್ಲ. ಮೊದಲ ಸೋಮವಾರ ಎಂದಿನಂತೆ ಬಾಯಿ ಮುಚ್ಚಿಕೊಂಡೇ ಎರಡು ಚೀಟಿ ಸರಿಸಿದೆ. ಮಂಗಳವಾರ ನೆಲಮಹಡಿಯಾಕೆ ತರಕಾರಿ ಗಾಡಿಯ ಹತ್ತಿರ ಸಿಕ್ಕವಳು, "ಅಕ್ಕ, ನಿಮ್ಮ ಮೌನ ಬಾಯಿಗೆ ಮಾತ್ರಾನಾ? ಗ್ರೂಪಲ್ಲಿ ಬೆಳಿಗ್ಗೆ ಬೆಳಿಗ್ಗೇನೇ ಮಾತಾಡ್ತಿದ್ರಿ" ಎಂದು ಬೀನ್ಸ್ ಆರಿಸುತ್ತಾ ನಕ್ಕಳು.

ತಮಾಷೆಗೆ ಅಂದದ್ದು. ನನಗೆ ಮುಳ್ಳು ಮುರಿದ ಹಾಗಾಯಿತು. ಹೌದಲ್ಲ ಎನಿಸಿತು. ನನ್ನ ಹೆಸರಿನಲ್ಲಿ, ನನ್ನ ಕೈಯಿಂದ, ನಲವತ್ತೆಂಟು ಮನೆಗೆ ಮಾತು ಹೋಗುವುದಾದರೆ ಅದು ಮಾತಲ್ಲವೇ? ತುಟಿ ಅಲ್ಲಾಡದಿದ್ದರೆ ಮೌನವೇ? ಯಜಮಾನರನ್ನು ಕೇಳಿದರೆ, "ಒತ್ತೋದು ಮಾತಾದ್ರೆ ಕುಕ್ಕರ್ ಕೂಗಿಸೋದೂ ಮಾತೇ" ಎಂದರು. ನಗೆಯಾಡುವವರನ್ನು ಕೇಳಿದ್ದೇ ತಪ್ಪು. ಮೇಷ್ಟ್ರನ್ನು ಕೇಳಬಹುದಿತ್ತು. ದೇವರನ್ನು ನಂಬದವರನ್ನು ವ್ರತದ ಮಾತು ಕೇಳುವುದೇನು ಎಂದುಕೊಂಡೆ. ಬಿಗುಮಾನ. ಮುಂದಿನ ಸೋಮವಾರದಿಂದ ಮೌನವೆಂದರೆ ಚೀಟಿಯನ್ನೂ ಮುಟ್ಟುವುದಿಲ್ಲ ಎಂದು ನನ್ನಷ್ಟಕ್ಕೆ ಗೆರೆ ಎಳೆದೆ. ಯಾರಿಗೂ ಹೇಳಲಿಲ್ಲ. ಒಂದು ದಿನ ತಡವಾದರೆ ಏನು ಮುಳುಗಿಹೋಗುತ್ತದೆ ಎಂದು.

ಆ ಎರಡನೇ ಸೋಮವಾರವೇ ಎ ಬ್ಲಾಕಿನ ನೀರಿನ ದೊಡ್ಡ ಪೈಪು ಬಿಟ್ಟುಕೊಂಡಿತು. ಆರು ಮನೆಗೆ ನೀರಿಲ್ಲ, ಆರು ಚೀಟಿ. ಮೇಷ್ಟ್ರು ತುಮಕೂರಿಗೆ, ತಂಗಿಯ ಮನೆಯ ಕಾರ್ಯಕ್ಕೆ ಹೋಗಿದ್ದರು. ಪ್ಲಂಬರ್ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ನಾಲ್ಕರವರೆಗೆ ಪೈಪು ಹಾಯುವ ಡಕ್ಟಿನಲ್ಲಿ ಹಲ್ಲಿಯ ಹಾಗೆ ಅಂಟಿಕೊಂಡು ಆರೂ ಮನೆಗೆ ನೀರು ಬಿಟ್ಟ. ಬಂದು ಬಾಗಿಲಲ್ಲಿ ನಿಂತ. ಮೈಯೆಲ್ಲಾ ಒದ್ದೆ, ಮೊಣಕೈ ತರಚಿತ್ತು.

"ಆರೂ ಆಗ್ಯದ್ರಿ ಅಕ್ಕೋರೆ."

ನಾನು ತುಟಿಯ ಮೇಲೆ ಬೆರಳಿಟ್ಟು, ನಾಳೆ ಎಂದು ಕೈ ಮಾಡಿದೆ. ಅವನಿಗೆ ತಿಳಿಯಲಿಲ್ಲ. ಫೋನಿನ ಕಡೆ ತೋರಿಸಿದ. ಮತ್ತೆ ನಾಳೆ ಎಂದೆ.

"ಸಂಜೀಕ ಆರರ ಒಳಗ ಒತ್ತಲಿಲ್ಲಂದ್ರ ಸಾಹೇಬ್ರಿಗಿ ಹೋಗ್ತದಂತ್ರಿ" ಎಂದ. ದನಿ ಏರಿಸಲಿಲ್ಲ. ನಾನು ಒಳಗೆ ಹೋಗಿ ಎರಡು ಬಾಳೆಹಣ್ಣು, ಒಂದು ಹಿಡಿ ಪಂಚಕಜ್ಜಾಯ ತಂದು ಅವನ ಕೈಗೆ ಹಾಕಿದೆ. ಕಣ್ಣಿಗೊತ್ತಿಕೊಂಡ. ಸ್ವಲ್ಪ ಹೊತ್ತು ನಿಂತ. ಆಮೇಲೆ, ದೊಡ್ಡವರು ಏನೋ ನೋಡಿಕೊಂಡಾರು ಎನ್ನುವ ಹಾಗೆ ಇಳಿದು ಹೋದ. ಅವನು ಮೆಟ್ಟಿಲಿಳಿದ ಸದ್ದು ಈಗಲೂ ಕೇಳುತ್ತದೆ ನನಗೆ. ನಿಜ ಹೇಳುತ್ತೇನೆ, ಅವತ್ತು ನನಗೆ ಹೆಮ್ಮೆಯಾಗಿತ್ತು. ಎಂಥ ಪರೀಕ್ಷೆ ಬಂದರೂ ವ್ರತ ಬಿಡಲಿಲ್ಲ ಎಂದು.

ಆರಕ್ಕೆ ಪಟ್ಟಿ ಹೋಯಿತು, ಐದು ದಾಟಿದ್ದರಿಂದ ಏಜೆನ್ಸಿಗೆ ಮೇಲ್ ಕೂಡ. ಆರೇಮುಕ್ಕಾಲಿಗೆ ನಾನು ದೀಪ ಹಚ್ಚಿದೆ. ನಡುವಿನ ಮುಕ್ಕಾಲು ಗಂಟೆಯಲ್ಲಿ ಒಂದು ಸಂಸಾರ ಬೀದಿಗೆ ಬಿತ್ತು.

ಮಂಗಳವಾರ ಬೆಳಿಗ್ಗೆ ಮೊದಲ ಕೆಲಸವೆಂದು ಆರೂ ಚೀಟಿ ಸರಿಸಿದೆ. ಅದು ಇನ್ನೂ ಕೆಟ್ಟದಾಯಿತು. ಒಂದರ ಹಿಂದೊಂದು ಆರು ಸಲ ನನ್ನ ಹೆಸರಿನಲ್ಲಿ "ಆಗಿದೆ" ಎಂದು ಹೋದದ್ದು ನೋಡಿ, ಮೇಲ್ ಹೋದ ಮೇಲೆ ಕೆಲಸ ಆಯ್ತಾ, ಸಕ್ಕತ್ ಸರ್ವಿಸು ಎಂದು ಒಬ್ಬ ಬರೆದ. ಆಂಟಿ ಅವನನ್ನ ಕವರ್ ಮಾಡ್ತಿದ್ದಾರೆ ಎಂದು ಇನ್ನೊಬ್ಬಳು. ಅವರ ಮನೆಯಲ್ಲಿ ನೀರು ಬಂದಿತ್ತು. ಆದರೆ ಹಗಲೆಲ್ಲ ಆಫೀಸಿನಲ್ಲಿದ್ದವರಿಗೆ ಯಾವಾಗ ಬಂತೆಂದು ಹೇಗೆ ಗೊತ್ತಾಗಬೇಕು. ಹತ್ತು ಗಂಟೆಗೆ ಹೊಸ ಪ್ಲಂಬರ್ ಬಂದು ಗೇಟಿನಲ್ಲಿ ಸಹಿ ಹಾಕಿದ. ಹಳಬನಿಗೆ ಶುಕ್ರವಾರದೊಳಗೆ ಕೋಣೆ ಬಿಡಲು ಏಜೆನ್ಸಿಯಿಂದ ಫೋನು ಬಂತು.

ಮಧ್ಯಾಹ್ನ ಮೇಷ್ಟ್ರು ಊರಿಂದ ಬಂದು ಬೀಗ ತೆಗೆಯುವ ಮೊದಲೇ ನಾನು ಹರಿಹಾಯ್ದೆ. ನಿಮ್ಮ ಡಬ್ಬಿ, ನಿಮ್ಮ ಗೆರೆ, ನಿಮ್ಮ ಗಂಟೆ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರೂ ಬಿಡಲಿಲ್ಲ, ಹೇಳದೆ ಕೇಳದೆ ಕೈ ಕಟ್ಟಿ ಕೂತದ್ದು ಯಾರು ಎಂದು ಕೇಳಿದರು. ಕಾರಿಡಾರಿನಲ್ಲಿ ಇಬ್ಬರೂ ಅಷ್ಟು ಜೋರು ಮಾಡಿದ್ದು ಅದೊಂದೇ ಸಲ. ಆಮೇಲೆ ಅವರು ಬ್ಯಾಗು ಕೆಳಗಿಟ್ಟು ಅದರ ಪಕ್ಕದಲ್ಲೇ ನೆಲದ ಮೇಲೆ ಕೂತರು. ಫೋನು ತೆಗೆದು, ಯಾವ ಚೀಟಿ ಎಷ್ಟು ಹೊತ್ತಿಗೆ ಎಲ್ಲಿತ್ತು ಎಂದು ಒಂದೊಂದಾಗಿ ನೋಡಿದರು. ಬಹಳ ಹೊತ್ತು ನೋಡಿದರು.

"ನೀನು ಸುಳ್ಳು ಹೇಳಿಲ್ಲ. ಅವನು ಕೆಲಸ ಬಿಟ್ಟಿಲ್ಲ. ಮಷೀನ್ ಕೆಟ್ಟಿಲ್ಲ" ಎಂದರು. "ಯಾರೂ ತಪ್ಪು ಮಾಡದೆ ಒಬ್ಬನ ಅನ್ನ ಹೋಯ್ತು ನೋಡು."

ಅವರು ತಮ್ಮ ಮೊಂಡು ಬೆರಳನ್ನು ಹೆಬ್ಬೆರಳಿನಿಂದ ತಿಕ್ಕುತ್ತಾ, "ಮೂವತ್ತು ವರ್ಷ ಹುಡುಗರಿಗೆ ಹೇಳಿದೆ. ನಾನೇ ಮಷೀನ್ ಕಟ್ಟಿದಾಗ ನಿಲ್ಲಿಸೋ ಸ್ವಿಚ್ಚು ಇಡ್ಲಿಲ್ಲ" ಎಂದರು.

ಅವತ್ತು ಸಂಜೆ ಜನ ಆಫೀಸಿನಿಂದ ಬರುವುದನ್ನೇ ಕಾದು, ಆರೂ ಮನೆಯ ಬಾಗಿಲು ತಟ್ಟಿದೆವು. ಮೇಷ್ಟ್ರ ಕೈಯಲ್ಲಿ ನೋಟ್‌ಬುಕ್ಕು. ನಿಮ್ಮ ಮನೆಗೆ ನೀರು ಎಷ್ಟು ಹೊತ್ತಿಗೆ ಬಂತು, ಯಾರು ನೋಡಿದರು? ಇಬ್ಬರ ಮನೆಯಲ್ಲಿ ಅಡುಗೆಯಾಕೆ ನೋಡಿದ್ದಳು, ಒಂದು ಮನೆಯಲ್ಲಿ ಊರಿಂದ ಬಂದ ಅಜ್ಜಿ. ನೋಡಿದ್ದವರೆಲ್ಲ ನಾಲ್ಕರ ಒಳಗೇ ಎಂದರು. ಎ-302ರಾತ ಮಾತ್ರ, "ಅಂಕಲ್, ಒಬ್ಬ ಪ್ಲಂಬರ್‌ಗೆ ಇಷ್ಟೆಲ್ಲಾ ಯಾಕೆ, ಇನ್ನೊಬ್ಬ ಬಂದಿದ್ದಾನಲ್ಲ" ಎಂದ. ಮೇಷ್ಟ್ರು ಸಿಟ್ಟಾಗಲಿಲ್ಲ. ಪೆನ್ನು ಅವನ ಕೈಗೆ ಕೊಟ್ಟು, "ಇಲ್ಲಿ ಸಹಿ ಹಾಕಪ್ಪ" ಎಂದರು. ಹಾಕಿದ.

ಬುಧವಾರ ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದ ಏಜೆನ್ಸಿಯ ಆಫೀಸಿಗೆ ಹೋದೆವು. ಎರಡು ಬಸ್ಸು ಬದಲಿಸಿ, ಒಂದರಲ್ಲಿ ನಿಂತು. ಯಜಮಾನರು ದಿನಾ ಹೋಗುವ ದಾರಿಯನ್ನು ನಾನು ಸರಿಯಾಗಿ ಕಂಡದ್ದು ಅವತ್ತೇ. ದಾರಿಯುದ್ದಕ್ಕೂ ಪಂಚಾಕ್ಷರಿ ಜಪಿಸಿದೆ, ಅರ್ಧ ಆ ಮಗುವಿಗಾಗಿ, ಅರ್ಧ ನನ್ನ ಮುಖ ಉಳಿಸಿಕೊಳ್ಳಲು. ಅಲ್ಲಿನ ಮ್ಯಾನೇಜರ್ ಒಳ್ಳೆಯ ಮಾತಿನವನೇ. ನೀರು ಕೊಡಿಸಿದ. ಆದರೆ ಸಹಿಯ ಹಾಳೆ ನೋಡಿ ತಲೆ ಅಲ್ಲಾಡಿಸಿದ.

"ಇದು ಹ್ಯಾಂಡ್‌ರೈಟಿಂಗ್ ಅಲ್ವಾ ಸಾರ್. ಮೇಲ್ ಹಾಕಿರೋದು ನಿಮ್ಮ ಸಿಸ್ಟಮ್ಮೇ. ನಾವು ಸಿಸ್ಟಮ್ ಬಿಟ್ಟು ಮಾಡೋ ಹಂಗಿಲ್ಲ."

ಮೇಷ್ಟ್ರು ಬಲಗೈ ಮೇಜಿನ ಮೇಲಿಟ್ಟರು, ಬೆರಳು ಕಾಣುವ ಹಾಗೆ.

"ಸಿಸ್ಟಮ್ ಅಂದ್ರೆ ಯಾರೋ ಅಲ್ಲಪ್ಪ, ನಾನೇ. ಈ ಕೈಯಲ್ಲೇ ಮಾಡಿದ್ದು. ತಪ್ಪು ಮಾಡಿದೀನಿ ಅಂತ ಸಿಸ್ಟಮ್ಮೇ ನಿನ್ನ ಮುಂದೆ ಕೂತು ಹೇಳ್ತಿದೆ, ಬರ್ಕೋ."

ಆತ ಬರೆದುಕೊಂಡ. ಆದರೂ ಮೇಲ್ ಬೇಕು ಎಂದ. ಮೇಷ್ಟ್ರು ಅಲ್ಲೇ ಹೊರಗಿನ ಬೆಂಚಿನಲ್ಲಿ ಕೂತು, ನಡುಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ, ಅದೇ ಡಬ್ಬಿಯಿಂದ ಹಿಂದಿನ ಮೇಲ್ ತಪ್ಪು ಎಂದು ಇನ್ನೊಂದು ಮೇಲ್ ಹೋಗುವಂತೆ ಮಾಡಿದರು. ಆಮೇಲೆ ನನ್ನ ಎದುರಿಗೇ ಏಜೆನ್ಸಿಗೆ ತಾನಾಗಿ ಹೋಗುವ ಗೆರೆಯನ್ನೇ ತೆಗೆದುಹಾಕಿದರು. ಇನ್ನೊಬ್ಬರ ಅನ್ನದ ಮಾತು ಮನುಷ್ಯನೇ ಕೂತು ಬರೆಯಬೇಕು ಎಂದರು.

ಪೂರ್ತಿ ಗೆದ್ದೆವೆಂದು ಹೇಳಲಾರೆ. ಹೊಸಬನನ್ನು ಆಗಲೇ ಹಾಕಿಯಾಗಿತ್ತು, ಅವನೂ ಯಾರದೋ ಮನೆಯ ಮಗನೇ. ನಮ್ಮ ಪ್ಲಂಬರ್‌ಗೆ ಬೆಳ್ಳಂದೂರಿನ ಇನ್ನೊಂದು ಕಟ್ಟಡದಲ್ಲಿ ಕೆಲಸ ಕೊಟ್ಟರು. ಅಲ್ಲಿ ಕೋಣೆ ಇರಲಿಲ್ಲ. ಹೊಸಬ ಮದುವೆಯಾಗದವನು, ಗೆಳೆಯರ ಜೊತೆ ಬೇರೆಲ್ಲೋ ಇದ್ದ. ಹಾಗಾಗಿ ಪಂಪ್ ರೂಮಿನ ಪಕ್ಕದ ಕೋಣೆ ಮಗಳ ಪರೀಕ್ಷೆ ಮುಗಿಯುವ ತನಕ ಹಳಬನ ಸಂಸಾರಕ್ಕೇ ಇರಲಿ ಎಂದು ಮೇಷ್ಟ್ರು ಸಭೆಯಲ್ಲಿ ಜಗಳವಾಡಿ ಒಪ್ಪಿಸಿದರು. ಒಂದನೇ ಕ್ಲಾಸು ಆ ಮಗು ಒಂದೇ ಶಾಲೆಯಲ್ಲಿ ಮುಗಿಸಿತು. ಇಷ್ಟಾದರೂ ಆಯಿತಲ್ಲ ಎಂದು ಕೈಮುಗಿದೆ. ಆದರೆ ಮುಂಜಾನೆ ಆರಕ್ಕೇ ಅವನು ಬಸ್ಸಿಗೆ ಓಡುವುದು ನಮ್ಮ ಬಾಲ್ಕನಿಯಿಂದ ಕಾಣುತ್ತಿತ್ತು. ಮೊದಲು ಅವನ ಕೆಲಸ ಅವನ ಹೊಸ್ತಿಲಿನಲ್ಲೇ ಇತ್ತು.

ಒಂದು ದಿನ ತಡೆಯಲಾರದೆ ಕೆಳಗಿಳಿದು ಹೋಗಿ, ನನ್ನಿಂದ ಹೀಗಾಯಿತಪ್ಪ ಎಂದೆ. ಅವನು ನಾಚಿಕೊಂಡು, "ದೇವರ ಕೆಲಸದಾಗ ಇದ್ರಲ್ರಿ ಅಕ್ಕೋರೆ, ಇರಲಿ ಬಿಡ್ರಿ" ಎಂದ. ಬೈದಿದ್ದರೆ ಹಗುರಾಗುತ್ತಿತ್ತು. ಮಾರ್ಚ್ ಕಳೆದ ಮೇಲೆ ಅವರು ಬೆಳ್ಳಂದೂರಿನ ಕಡೆಗೇ ಹೋದರು.

ಕಂಪನಿಯ ಹುಡುಗರಿಗೆ ಮೇಷ್ಟ್ರು ಏಜೆನ್ಸಿಗೆ ಮೇಲ್ ಹೋಗುವ ಗೆರೆ ತೆಗೆದದ್ದು ಹಿಡಿಸಲಿಲ್ಲ. ಆಟೊಮೇಶನ್ ಅಂದಮೇಲೆ ನಡುವೆ ಮನುಷ್ಯ ಯಾಕೆ ಅಂಕಲ್ ಎಂದು ಚುಚ್ಚುತ್ತಿದ್ದರು. ನನ್ನ ವ್ರತದ ಮಾತನ್ನು ಮೇಷ್ಟ್ರು ಮತ್ತೆ ಎತ್ತಲಿಲ್ಲ. ಒಂದು ಸಂಜೆ ಮಾತ್ರ ಬಾಗಿಲು ತಟ್ಟಿ ಪಂಚಾಂಗ ಕೇಳಿದರು. ನನಗೆ ಆಶ್ಚರ್ಯವಾಯಿತು. ಕೊಟ್ಟೆ. ಎರಡು ದಿನ ಇಟ್ಟುಕೊಂಡು ವಾಪಸ್ ಕೊಡುವಾಗ, "ಇದರಲ್ಲಿ ಒಂದೇ ವರ್ಷದ್ದಿದೆಯಲ್ಲಮ್ಮ, ಮುಂದಿಂದೂ ಎಲ್ಲಾದ್ರೂ ಸಿಗುತ್ತಾ?" ಎಂದರು. ಫೋನಿನಲ್ಲೇ ಇರುತ್ತದೆ ನೋಡಿ ಎಂದೆ. ಅವರಿಗೂ ಕೊನೆಗಾಲಕ್ಕೆ ದೇವರ ನೆನಪು ಬಂತಲ್ಲ, ನನ್ನ ದಿನದ ನಮಸ್ಕಾರಗಳಲ್ಲಿ ಒಂದಾದರೂ ತಲುಪಿತಲ್ಲ ಎಂದುಕೊಂಡು ಒಳಗೊಳಗೇ ಹಿಗ್ಗಿದೆ.

ಮುಂದಿನ ವರ್ಷ, ಶ್ರಾವಣಕ್ಕೆ ಒಂದು ತಿಂಗಳಿರುವಾಗ, ಮೇಷ್ಟ್ರು ಹೋಗಿಬಿಟ್ಟರು. ಬೆಳಿಗ್ಗೆ ಹಾಲು ತರಲು ಇಳಿದವರು ಗೇಟಿನ ಹತ್ತಿರ ಕೂತರು, ಮತ್ತೆ ಏಳಲಿಲ್ಲ. ನರಳಲಿಲ್ಲ, ಯಾರ ಕೈಗೂ ಬೀಳಲಿಲ್ಲ. ಅದೂ ಒಂದು ದಯೆ. ತಂಗಿಯ ಕಡೆಯವರು ಬಂದು ಎಲ್ಲ ಮಾಡಿದರು. ಅಡುಗೆಮನೆಯಲ್ಲಿ ನನ್ನದೊಂದು ತಟ್ಟೆ ತೊಳೆದು, ಒರೆಸಿ, ಬೋರಲು ಹಾಕಿಟ್ಟಿತ್ತು.

ಅವರ ಕೆಲಸ ಮೂರನೇ ಮಹಡಿಯ ಒಬ್ಬ ಹುಡುಗನ ಪಾಲಿಗೆ ಬಂತು. ಒಳ್ಳೆಯವನು. ಡಬ್ಬಿಗಳೆಲ್ಲ ಮೇಷ್ಟ್ರ ಹೆಸರಿನಲ್ಲಿದ್ದವು, ತನ್ನ ಹೆಸರಿಗೆ ಬದಲಿಸಿಕೊಳ್ಳಬೇಕು, ಯಾವುದು ಬೇಕು ಯಾವುದು ಬೇಡ ನಿಮಗೇ ಗೊತ್ತಿರೋದು ಆಂಟಿ ಎಂದು ಲ್ಯಾಪ್‌ಟಾಪು ಹಿಡಿದು ನಮ್ಮ ಮನೆಗೇ ಬಂದ. ಅವನಿಗೆ ರಜೆ ಸಿಕ್ಕದ್ದು ಶ್ರಾವಣದ ಮೊದಲ ಸೋಮವಾರ. ನನಗೆ ಮೌನ ಎಂದು ಯಜಮಾನರು ಮೊದಲೇ ತಿಳಿಸಿದ್ದರು. ಅವನು ಒಂದೊಂದೇ ಓದುವನು, ನಾನು ತಲೆ ಆಡಿಸುವೆನು. ಬೇಕು, ಬೇಕು, ಬೇಡ, ಬೇಕು. ಹೀಗೆ ಹದಿನಾರೋ ಹದಿನೇಳೋ ಆದವು.

"ಇದೇನು ಆಂಟಿ ಇದು? 'ನಿಲ್ಲಿಸೋ ಸ್ವಿಚ್ಚು' ಅಂತ ಹೆಸರು" ಎಂದ. ಆಮೇಲೆ ಓದಿದ. ಇಂತಿಂಥ ತಾರೀಕು ಚೀಟಿ ಬಿ-204ರ ಕೈಯಲ್ಲಿದ್ದರೆ ಕಾಯಬೇಕು. ಮರುದಿನ ಬೆಳಿಗ್ಗೆ ಹತ್ತರವರೆಗೆ ಪಟ್ಟಿಗೆ ಹಾಕಬಾರದು, ಯಾರಿಗೂ ಏನೂ ಹೇಳಬಾರದು. ಕೆಳಗೆ ತಾರೀಕುಗಳು. ಈ ವರ್ಷದ ಶ್ರಾವಣ ಸೋಮವಾರಗಳು, ಬರುವ ವರ್ಷದವು, ಅದರಾಚೆಯವು. ಐದು ವರ್ಷದವು. ಒಂದೊಂದನ್ನೂ ಕೈಯಿಂದ ಒತ್ತಿ ಹಾಕಿದ್ದು.

ಪಂಚಾಂಗ ಯಾಕೆ ಕೇಳಿದ್ದರೆಂದು ಆಗ ತಿಳಿಯಿತು ನನಗೆ. ನಾನು ಎಳೆದ ಗೆರೆ ಸರಿಯೋ ತಪ್ಪೋ ಎಂದು ಆ ಮನುಷ್ಯ ಒಂದು ದಿನವೂ ವಾದಿಸಲಿಲ್ಲ. ಬಿಟ್ಟುಬಿಡು ಎನ್ನಲಿಲ್ಲ. ನನ್ನ ವ್ರತಕ್ಕೆ ಇನ್ನೊಬ್ಬ ಬಲಿಯಾಗದ ಹಾಗೆ, ನನಗೂ ಹೇಳದೆ, ತಮ್ಮ ಮಷೀನಿಗೆ ಕಾಯುವುದನ್ನು ಕಲಿಸಿ ಹೋಗಿದ್ದರು.

ಹುಡುಗ ಪರದೆಯನ್ನೇ ನೋಡುತ್ತಿದ್ದ. "ಇದು ಏನೂ ಮಾಡಲ್ಲ ಆಂಟಿ, 'ವೇಟ್' ಅಂತ ಸುಮ್ನೆ ಕಾಯುತ್ತೆ ಅಷ್ಟೆ. ತೆಗೆದುಬಿಡ್ತೀನಿ" ಎಂದು ಬೆರಳು ಇಳಿಸಿದ. ನಾನು ತಲೆ ಅಲ್ಲಾಡಿಸಿದೆ. ಅವನು ತಿರುಗಿ ನೋಡಲಿಲ್ಲ.

"ಬೇಡ" ಎಂದೆ.

ಅವನು ಬೆಚ್ಚಿ ಕೈ ತೆಗೆದ. ನನ್ನ ದನಿ ನನಗೇ ಹೊಸದಾಗಿ ಕೇಳಿತು. ಆಂಟಿ, ನಿಮ್ಮ ಮೌನ ಎಂದು ಅವನು ಅಪರಾಧ ಮಾಡಿದವನಂತೆ ತೊದಲಿದ. ಪರವಾಗಿಲ್ಲಪ್ಪ, ಅದನ್ನು ಹಾಗೇ ಇಡು ಎಂದೆ. ಒಂದು ಮಾತು ಆದಮೇಲೆ ಎರಡಾದರೇನು. ಅವನಿಗೆ ಚಹಾ ಮಾಡಿ ಕೊಟ್ಟೆ. ಹೋದ ಮೇಲೆ ಕೈಕಾಲು ತೊಳೆದು ದೇವರ ಮುಂದೆ ಕೂತೆ. ತಪ್ಪಾಯಿತು ಎಂದು ಬೇಡಿಕೊಳ್ಳಲು ಹೊರಟವಳಿಗೆ, ತಪ್ಪಾದದ್ದು ಈ ಸೋಮವಾರವಲ್ಲ, ಹೋದ ವರ್ಷದ್ದು ಎಂದು ಅನಿಸಿ, ಸುಮ್ಮನೆ ಕೂತೆ. ಒದ್ದೆ ಮೈಯಲ್ಲಿ ಬಾಗಿಲಲ್ಲಿ ನಿಂತವನಿಗೆ ಆಡಬೇಕಿದ್ದ ಒಂದು ಮಾತು ಅಷ್ಟು ತಡವಾಗಿ ಬಂದಿತ್ತು.

ಶ್ರಾವಣ ಸೋಮವಾರದ ಮೌನ ಈಗಲೂ ಹಿಡಿಯುತ್ತೇನೆ. ಯಾರಾದರೂ ಬಾಗಿಲು ತಟ್ಟಿದರೆ ಮಾತಾಡುತ್ತೇನೆ.